ದೇವಾಲಯದ ಶಿಖರವೂ ವಾಟರ್ ಪಾರ್ಕಿನ ಮೆಟ್ಟಿಲೂ

ಬೈಬಲ್ ತೆಗೀರಿ. ಮತ್ತಾಯ 4ನೇ ಅಧ್ಯಾಯ, 5ರಿಂದ 7ನೇ ವಚನ. ಇನ್ನೊಂದು ಬೆರಳನ್ನ ಧರ್ಮೋಪದೇಶಕಾಂಡ 22ನೇ ಅಧ್ಯಾಯ 8ನೇ ವಚನದಲ್ಲಿ ಇಟ್ಕೊಳ್ಳಿ, ಅಲ್ಲಿಗೆ ಆಮೇಲೆ ಬರ್ತೀನಿ. ಸಿಕ್ಕಿದವರು ಆಮೆನ್ ಹೇಳಿ.

ಇವತ್ತಿನ ವಿಷಯ ಕೇಳಿದ್ರೆ ಕೆಲವರಿಗೆ ನಗು ಬರುತ್ತೆ. ವಾಟರ್ ಪಾರ್ಕಿನ ಎತ್ತರದ ಸ್ಲೈಡು. ಹೌದು, ಅದೇ. ಮೇಲಿಂದ ಕೆಳಗೆ ನೀರಿನ ಜೊತೆ ಜಾರಿ ಬರೋದು. ಅದನ್ನ ಹತ್ತಿ ನಿಂತಾಗ ಮನುಷ್ಯನೊಳಗೆ ಏನಾಗುತ್ತೆ, ಅಲ್ಲಿ ಧೈರ್ಯ ಅಂದ್ರೆ ಏನು, ಆ ಧೈರ್ಯಕ್ಕೂ ವಿಶ್ವಾಸಕ್ಕೂ ಏನಾದ್ರೂ ಸಂಬಂಧ ಇದೆಯಾ, ಇಷ್ಟೇ ನಾನು ಮಾತಾಡೋದು. ಯಾಕೆ ಮಾತಾಡ್ಬೇಕಾಯ್ತು ಅಂತ ಯೌವನಸ್ಥರಿಗೆ ಗೊತ್ತಿದೆ. ಉಳಿದವರಿಗೆ ಹೇಳ್ತೀನಿ.

ಪರೀಕ್ಷೆ ಮುಗಿದ ಮೇಲೆ ಯೌವನಸ್ಥರ ಕೂಟದವರು ಪ್ರವಾಸ ಕೇಳಿದ್ರು. ಮೈಸೂರು ರಸ್ತೆಯ ಬಿಡದಿ ಹತ್ತಿರ 2005ರಿಂದ ಇರೋ ವಂಡರ್‌ಲಾಗೆ ಹೋಗೋಣ ಅಂತ ಕೆಲವರು, ಘಟ್ಟ ಇಳಿದ್ರೆ ಮಂಗಳೂರೇ ಹತ್ತಿರ, ಪಿಲಿಕುಳದಲ್ಲೂ ಇದೆಯಲ್ಲ ಅಂತ ಕೆಲವರು. ಕೊನೆಗೆ ಒಂದು ಕಡೆ ಹೋಗಿಬಂದ್ವಿ, ಎಲ್ಲಿಗೆ ಅನ್ನೋದು ಈಗ ಮುಖ್ಯ ಅಲ್ಲ. ಹೋಗೋ ಮುಂಚೆ ಒಬ್ಬ ಹಿರಿಯರು ಕೇಳಿದ್ರು: ಪಾಸ್ಟರೇ, ವಿಶ್ವಾಸಿಗಳು ಇಂಥ ಕಡೆ ಹೋಗಬಹುದಾ? ಹೋಗಬಹುದು ಅಂದೆ. ಆ ಪ್ರಶ್ನೆಗೆ ನಾನು ಜಾಸ್ತಿ ಹೊತ್ತು ಕೊಡೋದಿಲ್ಲ. ಮಕ್ಕಳು ನೀರಲ್ಲಿ ಜಾರಿ ಕಿರುಚೋದ್ರಲ್ಲಿ ಪಾಪ ಹುಡುಕುವವರು ಮೊದಲು ತಮ್ಮ ಮೊಬೈಲು ನೋಡಿಕೊಳ್ಳಲಿ. ಇನ್ನೊಂದು ಮಾತು, ಅಲ್ಲಿ ಬಾಗಿಲಲ್ಲೇ ಬೋರ್ಡ್ ಹಾಕಿದ್ರು, ಸರ, ಬಳೆ, ಓಲೆ ಎಲ್ಲ ತೆಗೆದಿಟ್ಟು ಸ್ಲೈಡ್ ಹತ್ತಬೇಕು ಅಂತ. ಬೇರೆಯವರೆಲ್ಲ ಲಾಕರ್ ಮುಂದೆ ಸಾಲು ನಿಂತಿದ್ರು. ನಮ್ಮ ಸಹೋದರಿಯರು ಸೀದಾ ಒಳಗೆ ಹೋದ್ರು! ಸ್ತೋತ್ರ.

ನಾನೂ ಹತ್ತಿದೆ. ಐವತ್ತು ದಾಟಿದವನು, ಆದ್ರೂ ಹತ್ತಿದೆ. ನನ್ನ ಅನುಭವ ಹೇಳ್ತೀನಿ, ಯಾಕಂದ್ರೆ ಅನುಭವ ಇಲ್ಲದೆ ಇದರ ಬಗ್ಗೆ ಮಾತಾಡೋದು ಸರಿಯಲ್ಲ.

ಕೆಳಗೆ ನಿಂತು ನೋಡಿದ್ರೆ ಸ್ಲೈಡು ಅಷ್ಟು ಎತ್ತರ ಕಾಣೋದಿಲ್ಲ. ಅದು ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಬೆಳೆಯುತ್ತೆ. ಮೊದಲ ಅಂತಸ್ತಿನಲ್ಲಿ ಮಾತು, ಎರಡನೇದ್ರಲ್ಲಿ ನಗು, ಮೂರನೇದ್ರಲ್ಲಿ ಎಲ್ಲರೂ ಸುಮ್ಮನೆ. ಒದ್ದೆ ಕಾಲಿಗೆ ಗಾಳಿ ತಾಗುತ್ತೆ. ಕಬ್ಬಿಣದ ಮೆಟ್ಟಿಲು ಸಣ್ಣಗೆ ನಡುಗುತ್ತೆ, ಅಥವಾ ನಮ್ಮ ಮೊಣಕಾಲೇ ನಡುಗುತ್ತೆ, ಯಾವುದು ಅಂತ ಹೇಳೋದು ಕಷ್ಟ. ಮೇಲೆ ಸೀಟಿ ಹಿಡ್ಕೊಂಡ ಒಬ್ಬ ಹುಡುಗ ಇರ್ತಾನೆ. ಮಲಗಿ, ಕಾಲ ಮೇಲೆ ಕಾಲು ಹಾಕಿ, ಕೈಗಳನ್ನ ಎದೆ ಮೇಲೆ ಕಟ್ಟಿಕೊಳ್ಳಿ, ತಲೆ ಎತ್ತಬೇಡಿ ಅಂತಾನೆ. ಯಾಕೆ ಹಾಗೆ ಅಂದ್ರೆ, ಕೈಕಾಲು ಚಾಚಿದ್ರೆ ಅಂಚಿಗೆ ತಾಗುತ್ತೆ, ಎದ್ದು ಕೂತ್ರೆ ಮೈ ಹಿಡಿತ ತಪ್ಪುತ್ತೆ. ತಳದಲ್ಲಿ ತೆಳ್ಳಗೆ ಹರಿಯೋ ನೀರು ಬೆನ್ನಿಗೂ ಫೈಬರಿಗೂ ನಡುವೆ ಎಣ್ಣೆಯ ಹಾಗೆ ಕೆಲಸ ಮಾಡುತ್ತೆ. ಲೆಕ್ಕ ಹೇಳ್ಬೇಕಂದ್ರೆ, 20 ಮೀಟರ್ ಎತ್ತರದಿಂದ ಯಾವ ತಡೆಯೂ ಇಲ್ಲದೆ ಜಾರಿದ್ರೆ ಕೆಳಗೆ ತಲುಪುವಾಗ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗ. ನೀರು, ಬಟ್ಟೆ, ಗಾಳಿ ಸೇರಿ ಅದನ್ನ ಕಮ್ಮಿ ಮಾಡ್ತಾವೆ. ಹಾಗಿದ್ರೂ ನಮ್ಮ ಆಗುಂಬೆ ಘಾಟಿಯಲ್ಲಿ ಯಾವ ಬಸ್ಸೂ ಹೋಗದ ವೇಗ ಅದು.

ಮಲಗಿದೆ. ಆಕಾಶ ಮಾತ್ರ ಕಾಣ್ತಿತ್ತು. ಕೈ ಬಿಟ್ಟೆ. ಮೊದಲ ಕ್ಷಣದಲ್ಲಿ ಬೆನ್ನಿನ ಕೆಳಗೆ ಏನೂ ಇಲ್ಲ ಅನ್ನಿಸ್ತು, ಹೊಟ್ಟೆಯೊಳಗೆ ಬಾವಿಗೆ ಕೊಡ ಇಳಿಬಿಟ್ಟ ಹಾಗೆ. ಪ್ರಾರ್ಥನೆ ಮಾಡೋಕೂ ಸಮಯ ಇಲ್ಲ. ಆಮೇಲೆ ಮುಖಕ್ಕೆ ನೀರು, ಕಿವಿಯಲ್ಲಿ ಸದ್ದು, ಅಷ್ಟರಲ್ಲಿ ಮುಗಿದೇ ಹೋಯ್ತು. ಎದ್ದು ನಿಂತಾಗ ನನಗೆ ಗೊತ್ತಿಲ್ಲದೆ ನಗು ಬಂತು. ಸಣ್ಣ ಹುಡುಗನ ನಗು. ಆ ನಗು ಎಲ್ಲಿಂದ ಬಂತು ಅಂತ ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ದಿನವೂ ಎಲ್ಲವನ್ನೂ ನಾವೇ ಹಿಡ್ಕೊಂಡಿರ್ತೀವಿ, ಮನೆ, ಸಾಲ, ತೋಟ, ಮಕ್ಕಳ ಫೀಸು, ಸಭೆ. ಅಲ್ಲಿ ಐದಾರು ಸೆಕೆಂಡು ಯಾವುದನ್ನೂ ಹಿಡ್ಕೊಳ್ಳೋ ಹಾಗಿಲ್ಲ. ಹಿಡ್ಕೊಳ್ಳಬಾರದು ಅಂತಲೇ ನಿಯಮ. ಆ ಬಿಡುವೇ ನಗು ಆಗಿ ಬರೋದು ಅಂತ ನನಗೆ ಕಾಣುತ್ತೆ.

ಇದು ನಮಗೆ ಹೊಸದೂ ಅಲ್ಲ ಪ್ರಿಯರೇ. ಮಲೆನಾಡಲ್ಲಿ ಹುಟ್ಟಿದವರು ಅಡಿಕೆ ಹಾಳೆ ಮೇಲೆ ಕೂತು ಗುಡ್ಡ ಜಾರಿದವರೇ. ಮಳೆಗಾಲದಲ್ಲಿ ಧರೆಯ ಕೆಂಪು ಮಣ್ಣು ನುಣ್ಣಗಾದ್ರೆ ಹಾಳೆಯೂ ಬೇಡ. ಚಡ್ಡಿ ಹರಿದು, ಅಮ್ಮನ ಹತ್ತಿರ ಬರಲು ಸೊಪ್ಪಿನ ಏಟು ತಿಂದು, ಮರುದಿನ ಮತ್ತೆ ಅದೇ ಗುಡ್ಡ. ಅಮೆರಿಕದ ಮಿನ್ನೆಸೋಟಾದಲ್ಲಿ 1923ರಲ್ಲಿ ಹರ್ಬರ್ಟ್ ಸೆಲ್ನರ್ ಅನ್ನೋರು ಕೆರೆ ದಂಡೆಯಲ್ಲಿ ಮರದ ಇಳಿಜಾರು ಕಟ್ಟಿ, ಹಲಗೆ ಮೇಲೆ ಕೂತು ನೀರಿನ ಮೇಲೆ ಜಾರಿಹೋಗೋ ಆಟ ಮಾಡಿದ್ರು. ಅದು ಹೆಚ್ಚು ಕಡಿಮೆ ನಮ್ಮ ಹಾಳೆಯೇ. ಮನುಷ್ಯ ಎಲ್ಲಿದ್ರೂ ಒಂದೇ. ಕಾಲ ಕೆಳಗಿನ ನೆಲ ಸ್ವಲ್ಪ ಹೊತ್ತು ಇಲ್ಲದಿದ್ರೆ ಹೇಗಿರುತ್ತೆ ಅಂತ ನೋಡೋ ಆಸೆ. ಆ ಆಸೆಯನ್ನ ಕೊಟ್ಟವನೂ ದೇವರೇ ಅಂತ ನಾನು ನಂಬ್ತೀನಿ. ಅದರಲ್ಲಿ ನನಗೆ ಅಡ್ಡಿ ಇಲ್ಲ.

ನನ್ನನ್ನ ಈ ವೇದಿಕೆಗೆ ತಂದದ್ದು ಬೇರೆ.

ನಮ್ಮ ಜೊತೆ ಬಂದವರಲ್ಲಿ ಒಬ್ಬ ತಮ್ಮ ಇದ್ದಾನೆ, ಇಪ್ಪತ್ತನಾಲ್ಕು ವರ್ಷ. ಹೆಸರು ಹೇಳಲ್ಲ, ಕೇಳಬೇಡಿ. ಅವನ ಹತ್ತಿರ ಅನುಮತಿ ಕೇಳಿಯೇ ಇದನ್ನ ಹೇಳ್ತಾ ಇದ್ದೀನಿ. ಅವನು ಕೊನೆಗಾರ. ಅಡಿಕೆ ಮರ ಹತ್ತಿ ಕೊನೆ ತೆಗೀತಾನೆ, ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೀತಾನೆ. ನಲವತ್ತು ಐವತ್ತು ಅಡಿ ಮರ, ಕಾಲಿಗೆ ತಳೆ ಹಾಕಿ ಹತ್ತಿ, ಒಂದು ಮರದಿಂದ ಇನ್ನೊಂದು ಮರಕ್ಕೆ ಮೇಲಿಂದ ಮೇಲೇ ದಾಟೋನು. ಅಂಥವನು ಸ್ಲೈಡಿನ ಮೇಲಿನ ಕಟ್ಟೆ ತನಕ ಹೋದ. ಮಲಗಿದ. ಸೀಟಿ ಹುಡುಗ ಕೈ ಕಟ್ಟಿಕೊಳ್ಳಿ ಅಂದ. ಅವನು ಎದ್ದ. ಬರಲ್ಲ ಅಂದ. ತಿರುಗಿ ಮೆಟ್ಟಿಲು ಇಳಿಯೋಕೆ ಶುರು ಮಾಡಿದ.

ಸಾಲಲ್ಲಿ ನಮ್ಮವರೇ ಇದ್ರು. ಒಬ್ಬರು ಅಂದ್ರು, ಎಂತ ಮಾರಾಯ, ಮರ ಹತ್ತೋನು ಇದಕ್ಕೆ ಹೆದರ್ತೀಯಾ? ಅದು ತಮಾಷೆ, ಹೋಗಲಿ. ಇನ್ನೊಬ್ಬರು ಅಂದ್ರು, ವಿಶ್ವಾಸ ಇಲ್ವಾ ನಿಂಗೆ? ದೇವದೂತರು ಎತ್ತಿ ಹಿಡೀತಾರೆ, ಹೋಗು! ಎಲ್ಲರೂ ನಕ್ಕರು. ಅವನೂ ನಕ್ಕ. ಊಟದ ಹೊತ್ತಿಗೆ ಅವನು ಬಸ್ಸಿನಲ್ಲಿ ಒಬ್ಬನೇ ಕೂತಿದ್ದ.

ಈಗ ಮತ್ತಾಯ 4 ನೋಡಿ. ಸೈತಾನನು ಯೇಸುವನ್ನ ಎಲ್ಲಿಗೆ ಕರ್ಕೊಂಡು ಹೋದ? ದೇವಾಲಯದ ಶಿಖರಕ್ಕೆ. ಎತ್ತರದ ಜಾಗ. ಏನು ಹೇಳಿದ? ದೇವರ ಮಗನಾಗಿದ್ರೆ ಧುಮುಕು ಅಂದ. ಅದಕ್ಕೆ ಆಧಾರ ಏನು ಕೊಟ್ಟ? 91ನೇ ಕೀರ್ತನೆ. ದೂತರು ಕೈಯಲ್ಲಿ ಹಿಡಿಯುತ್ತಾರೆ, ಕಾಲು ಕಲ್ಲಿಗೆ ತಾಗೋದಿಲ್ಲ ಅನ್ನೋ ಭಾಗ. ನಾವೆಲ್ಲ ರೋಗಿಗಳ ಪಕ್ಕದಲ್ಲಿ, ಪ್ರಯಾಣ ಹೊರಡುವಾಗ ಓದೋ ಕೀರ್ತನೆ ಅದು. ಎಷ್ಟು ಒಳ್ಳೆಯ ವಾಕ್ಯ! ಆದರೆ ಎತ್ತರದಲ್ಲಿ ನಿಂತವನ ಕಿವಿಯಲ್ಲಿ, ಧುಮುಕು ಅನ್ನೋದಕ್ಕೋಸ್ಕರ ಆ ವಾಕ್ಯವನ್ನ ಮೊದಲು ಬಳಸಿದವನು ಯಾರು? ನೋಡಿಕೊಳ್ಳಿ. ಮೆಟ್ಟಿಲ ಮೇಲೆ ನಿಂತು ತಮಾಷೆಗೆ ಹೇಳಿದ ಆ ತಮ್ಮ ಒಳ್ಳೆಯವನು, ಪ್ರಾರ್ಥಿಸುವವನು. ನಾನು ಅವನನ್ನ ಸೈತಾನ ಅಂತಿಲ್ಲ. ವಾಕ್ಯ ಯಾರ ಬಾಯಿಂದ, ಯಾವ ಜಾಗದಲ್ಲಿ, ಯಾತಕ್ಕೆ ಬರುತ್ತೆ ಅನ್ನೋದ್ರ ಮೇಲೆ ಅದು ಔಷಧಿಯೋ ವಿಷವೋ ಆಗುತ್ತೆ ಅಂತಿದ್ದೀನಿ. ಮೈಲುತುತ್ತದ ಹಾಗೆ. ಸುಣ್ಣದ ಜೊತೆ ಅಳತೆ ನೋಡಿ ಬೆರೆಸಿದ್ರೆ ಅಡಿಕೆಗೆ ಕೊಳೆ ಬರದ ಹಾಗೆ ಕಾಯುತ್ತೆ, ಅಳತೆ ತಪ್ಪಿದ್ರೆ ಹಿಂಗಾರವೇ ಸುಡುತ್ತೆ.

ಯೇಸು ಏನು ಮಾಡಿದ? ಧುಮುಕಲಿಲ್ಲ. ಹೇಗೆ ಕೆಳಗೆ ಬಂದ ಅಂತ ಬರೆದಿಲ್ಲ, ನಾನು ಸೇರಿಸೋಕೂ ಹೋಗೋದಿಲ್ಲ. ಧುಮುಕಲಿಲ್ಲ, ಅಷ್ಟು ಸಾಕು. ಕೆಳಗೆ ಜನ ನೋಡ್ತಿದ್ರೆ ಏನಂತಿದ್ರು? ಹೆದರಿದ ಅಂತಿದ್ರು. ದೇವರ ಮಗನಲ್ಲ ಅಂತಿದ್ರು. ಅವನಿಗೆ ತನ್ನ ತಂದೆ ಯಾರು ಅಂತ ಗೊತ್ತಿತ್ತು, ಆದ್ದರಿಂದ ಹಾರಿ ತೋರಿಸೋ ಅಗತ್ಯ ಇರಲಿಲ್ಲ. ಅಪ್ಪನ ಪ್ರೀತಿಯನ್ನ ಪರೀಕ್ಷೆ ಮಾಡೋಕೆ ಯಾವ ಮಗು ಬಾವಿಗೆ ಹಾರುತ್ತೆ? ಅಪ್ಪನ ಮೇಲೆ ಸಂಶಯ ಇರೋ ಮಗು ಹಾರಬಹುದೇನೋ.

ಇಲ್ಲಿ ಯಾರಾದ್ರೂ ಕೇಳಬಹುದು: ಪಾಸ್ಟರೇ, ಹಾಗಾದ್ರೆ ಸ್ಲೈಡಿನಲ್ಲಿ ಜಾರಿದ ನೀವು ದೇವರನ್ನ ಪರೀಕ್ಷಿಸಿದ ಹಾಗಾಯ್ತಾ? ಇಲ್ಲ. ಅದೂ ಇದೂ ಒಂದಲ್ಲ. ದೇವಾಲಯದ ಶಿಖರದ ಕೆಳಗೆ ಕಲ್ಲಿತ್ತು, ಇಲ್ಲಿ ನೀರಿದೆ. ಅಲ್ಲಿ ಅದ್ಭುತ ಆಗಲೇಬೇಕು, ಇಲ್ಲಿ ಪಂಪು ಸರಿಯಾಗಿ ಓಡಿದ್ರೆ ಸಾಕು. ನಾನು ಕೈ ಬಿಟ್ಟಾಗ ನಂಬಿದ್ದು ಯಾರನ್ನ? ನಿಜ ಹೇಳ್ಬೇಕಂದ್ರೆ ದೂತರನ್ನಲ್ಲ. ಇಳಿಜಾರಿನ ಲೆಕ್ಕ ಹಾಕಿದ ಇಂಜಿನಿಯರನ್ನ, ಬೆಳಿಗ್ಗೆ ಬೋಲ್ಟು ನೋಡಿದ ಕೆಲಸದವನನ್ನ, ಮುಂದಿನವನು ಕೊಳದಿಂದ ಹೊರಗೆ ಹೋಗೋ ತನಕ ನನ್ನನ್ನ ತಡೆದ ಸೀಟಿ ಹುಡುಗನನ್ನ. ಅದು ಕೂಡ ನಂಬಿಕೆಯೇ, ಬಸ್ಸಿನ ಡ್ರೈವರನ್ನ ನಂಬೋ ಥರದ್ದು. ಅದಕ್ಕೆ ವಿಶ್ವಾಸ ಅನ್ನೋ ದೊಡ್ಡ ಹೆಸರು ಇಡಬೇಡಿ. ಇಟ್ಟರೆ ಏನಾಗುತ್ತೆ ಗೊತ್ತಾ? ಜಾರಿದವರೆಲ್ಲ ವಿಶ್ವಾಸಿಗಳು, ಇಳಿದು ಬಂದವನು ಅವಿಶ್ವಾಸಿ ಆಗಿಬಿಡ್ತಾನೆ.

ಧೈರ್ಯದ ಮಾತು ಇನ್ನೂ ಸ್ವಲ್ಪ ಹೇಳ್ತೀನಿ. ಸ್ಲೈಡಿಗೆ ಬೇಕಾದ ಧೈರ್ಯ ಎಷ್ಟು ಹೊತ್ತಿನದು? ಒಂದು ಸೆಕೆಂಡು. ಕೈ ಬಿಟ್ಟ ಮೇಲೆ ನೀವು ಧೈರ್ಯವಂತರಾದ್ರೂ ಅಷ್ಟೇ, ಹೇಡಿಯಾದ್ರೂ ಅಷ್ಟೇ, ಭೂಮಿ ಎಳ್ಕೊಳ್ಳುತ್ತೆ. ಮರಕ್ಕೆ ಬೇಕಾದ ಧೈರ್ಯ ಎಷ್ಟು ಹೊತ್ತಿನದು? ಇಡೀ ದಿನದ್ದು. ಪಾಚಿ ಕಟ್ಟಿದ ಮರ, ಮೋಡ ಮುಚ್ಚಿದ ತೋಟ, ಪೈಪು ಹಿಡಿದ ಕೈ, ಕಣ್ಣಿಗೆ ಹಾರೋ ಔಷಧಿ, ಪ್ರತಿ ಮರಕ್ಕೂ ಹೊಸದಾಗಿ ಧೈರ್ಯ ಮಾಡಬೇಕು. ಕೆಲಸದ ಅಪಾಯಕ್ಕೆ ಚಪ್ಪಾಳೆ ಇಲ್ಲ, ವಿಡಿಯೋ ಇಲ್ಲ. ನಾವು ದುಡ್ಡು ಕೊಟ್ಟು ಒಂದು ದಿನ ಕೊಂಡುಕೊಳ್ಳೋ ಭಯ ಇದೆಯಲ್ಲ, ಅದು ಹಲ್ಲು ಕಿತ್ತ ಹಾವು. ಅವನು ಕೂಲಿಗೆ ದಿನಾ ನೋಡೋದು ಹಲ್ಲಿರೋ ಹಾವು.

ಬಸ್ಸಿನಲ್ಲಿ ಅವನ ಪಕ್ಕ ಹೋಗಿ ಕೂತೆ. ಏನಾಯ್ತು ತಮ್ಮಾ ಅಂದೆ. ಮರದಲ್ಲಿ ನನ್ನ ಕೈ ಇರುತ್ತೆ ಪಾಸ್ಟರೇ ಅಂದ. ಅಲ್ಲಿ ಕೈಯನ್ನ ಎದೆ ಮೇಲೆ ಕಟ್ಟಿಕೋ ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, ಅಪ್ಪನನ್ನ ಪೆಟ್ಟಿಗೆಯಲ್ಲಿ ಮಲಗಿಸಿದಾಗ ಕೈ ಹಾಗೇ ಇಟ್ಟಿದ್ರು.

ಅವನ ತಂದೆಯೂ ಕೊನೆಗಾರರು. ಮರದಿಂದ ಬಿದ್ದು ತೀರಿಹೋದವರು. ನಮ್ಮಲ್ಲಿ ಹಿರಿಯರಿಗೆ ಗೊತ್ತಿದೆ.

ಪ್ರಿಯರೇ, ನಮ್ಮ ಮೂರು ತಾಲೂಕಿನಲ್ಲಿ ಇದು ಒಂದು ಮನೆಯ ಕಥೆ ಅಲ್ಲ. ಯಾವ ಊರಿಗೆ ಹೋದ್ರೂ ಮರದಿಂದ ಬಿದ್ದು ಬೆನ್ನು ಮುರಿದು ಮಲಗಿದವರು ಒಬ್ಬರಾದ್ರೂ ಸಿಗ್ತಾರೆ. ಒಬ್ಬರಿಗೆ ಎತ್ತರ ಅಂದ್ರೆ ರಜೆ, ಇನ್ನೊಬ್ಬರಿಗೆ ಅದೇ ಎತ್ತರ ಮನೆಯ ಗೋಡೆ ಮೇಲಿನ ಫೋಟೋ. ಆ ದಿನ ಸಾಲಲ್ಲಿ ನಿಂತವರಿಗೆ ಅವನ ಮನಸ್ಸು ಕಾಣೋದು ಸಾಧ್ಯ ಇರಲಿಲ್ಲ, ಒಪ್ತೀನಿ. ಆದರೆ ಕಾಣದಿದ್ದಾಗ ಏನು ಮಾಡ್ಬೇಕು? ವಿಶ್ವಾಸ ಇಲ್ವಾ ಅಂತ ಕೇಳೋದಾ? ಕರ್ತನೇ ಗೆತ್ಸೇಮನೆ ತೋಟದಲ್ಲಿ ಕಳವಳಪಟ್ಟ. ಆ ಪಾತ್ರೆ ದಾಟಿ ಹೋಗಲಿ ಅಂತ ಕೇಳಿದ. ಭಯಪಟ್ಟದ್ದಕ್ಕೆ ತಂದೆ ಅವನನ್ನ ಗದರಿಸಲಿಲ್ಲ.

ಇನ್ನೊಂದು. ನಲವತ್ತು ಜನ ಹತ್ತಿ ಬರ್ತಿರೋ ಇಕ್ಕಟ್ಟಿನ ಮೆಟ್ಟಿಲಲ್ಲಿ ಒಬ್ಬನೇ ಕೆಳಗೆ ಇಳಿಯೋದು ಇದೆಯಲ್ಲ, ಪ್ರತಿಯೊಬ್ಬರಿಗೂ ಜಾಗ ಬಿಡುತ್ತಾ, ಕಂಬಿಗೆ ಒತ್ತಿ ನಿಂತು, ಪ್ರತಿ ಮುಖದ ನಗು ನೋಡ್ತಾ, ಅದಕ್ಕೆ ಎಷ್ಟು ಸೆಕೆಂಡಿನ ಧೈರ್ಯ ಬೇಕು? ಲೆಕ್ಕ ಹಾಕಿ. ನನ್ನನ್ನ ಕೇಳಿದ್ರೆ, ಆ ದಿನ ಆ ಗೋಪುರದ ಮೇಲೆ ನಡೆದ ಧೈರ್ಯದ ಕೆಲಸ ಅದೊಂದೇ. ನಾವೆಲ್ಲ ಜಾರಿದ್ದಕ್ಕೆ ಅರ್ಧ ಕಾರಣ ಹಿಂದೆ ನಿಂತವರ ನಾಚಿಕೆ.

ಈಗ ಇನ್ನೊಂದು ಬೆರಳು ಎಲ್ಲಿದೆ? ಧರ್ಮೋಪದೇಶಕಾಂಡ 22:8. ಹೊಸ ಮನೆ ಕಟ್ಟಿದ್ರೆ ಮಾಳಿಗೆಯ ಸುತ್ತ ಕೈಗೋಡೆ ಕಟ್ಟಬೇಕು, ಇಲ್ಲದಿದ್ರೆ ಅಲ್ಲಿಂದ ಯಾರಾದ್ರೂ ಬಿದ್ದು ಸತ್ತರೆ ಆ ರಕ್ತದ ಅಪರಾಧ ಮನೆಯವರ ಮೇಲೆ ಬರುತ್ತೆ ಅನ್ನೋ ಆಜ್ಞೆ. ನಮ್ಮ ಹೆಂಚಿನ ಮನೆಗಳಿಗೆ ಇದು ವಿಚಿತ್ರ ಅನ್ನಿಸಬಹುದು, ಯಾರೂ ಮೇಲೆ ಹೋಗೋದಿಲ್ಲ, ಹೆಂಚು ಒಡೆದಾಗ ಬಿಟ್ರೆ. ಇಸ್ರಾಯೇಲ್ಯರದ್ದು ಚಪ್ಪಟೆ ಮಾಳಿಗೆ, ಅಲ್ಲೇ ಕೂರೋದು, ಒಣಗಿಸೋದು, ಮಲಗೋದು. ದೇವರು ಬಿದ್ದವನಿಗೆ ನೀನು ಯಾಕೆ ಅಂಚಿಗೆ ಹೋದೆ ಅಂತ ಕೇಳ್ತಿಲ್ಲ ಇಲ್ಲಿ. ಕಟ್ಟಿದವನನ್ನ ಕೇಳ್ತಿದ್ದಾನೆ, ಗೋಡೆ ಎಲ್ಲಿ? ಎತ್ತರದ ವಿಷಯದಲ್ಲಿ ಬೈಬಲ್ಲಿನ ಪ್ರಶ್ನೆ ಇದು ಅಂತ ನನಗನ್ನಿಸುತ್ತೆ. ನಾವು ಹತ್ತಿದವನ ಎದೆಗಾರಿಕೆ ಅಳೀತೀವಿ. ದೇವರು ಕಟ್ಟಿದವನ ಕೈಗೋಡೆ ಅಳೀತಾನೆ.

ಅಮೆರಿಕದ ಕಾನ್ಸಸ್ ನಗರದಲ್ಲಿ ಶ್ಲಿಟರ್‌ಬಾನ್ ಅನ್ನೋ ವಾಟರ್ ಪಾರ್ಕಿನಲ್ಲಿ ಒಂದು ಸ್ಲೈಡ್ ಕಟ್ಟಿದ್ರು. ಹೆಸರು ವೆರ್ಯೂಕ್ಟ್, ಜರ್ಮನ್ ಭಾಷೆಯಲ್ಲಿ ಹುಚ್ಚು ಅಂತ ಅರ್ಥ. 168 ಅಡಿಗಿಂತ ಎತ್ತರ. ನಮ್ಮ ಅಡಿಕೆ ಮರ ಮೂರನ್ನ ಒಂದರ ಮೇಲೊಂದು ನಿಲ್ಲಿಸಿದ ಹಾಗೆ. ಲೋಕದಲ್ಲೇ ಅತಿ ಎತ್ತರದ್ದು ಅನ್ನಿಸಿಕೊಳ್ಳಬೇಕು ಅಂತಲೇ ಕಟ್ಟಿದ್ದು. ಪರೀಕ್ಷೆಗೆ ಮರಳಿನ ಚೀಲ ಕೂರಿಸಿ ಬಿಟ್ಟ ರಬ್ಬರ್ ತೆಪ್ಪಗಳು ಹಾರಿಹೋಗಿದ್ದವು. ಒಡೆದು ಮತ್ತೆ ಕಟ್ಟಿದ್ರು, ತೆರೆಯೋ ದಿನವನ್ನ ಮತ್ತೆ ಮತ್ತೆ ಮುಂದೆ ಹಾಕಿದ್ರು. 2014ರ ಜುಲೈಯಲ್ಲಿ ತೆರೆದ್ರು. 2016ರ ಆಗಸ್ಟ್ 7, ಭಾನುವಾರ, ತೆಪ್ಪ ಗಾಳಿಗೆ ಎದ್ದು ಹತ್ತು ವರ್ಷದ ಒಬ್ಬ ಹುಡುಗ ಸತ್ತ. ಆಮೇಲೆ ಅದನ್ನ ಮುಚ್ಚಿದ್ರು, 2018ರಲ್ಲಿ ಕೆಡವಿಹಾಕಿದ್ರು. ಆ ಮಗು ಧೈರ್ಯದಲ್ಲಿ ಕಮ್ಮಿ ಇತ್ತಾ? ಅದರ ಮನೆಯವರಿಗೆ ವಿಶ್ವಾಸ ಕಮ್ಮಿ ಇತ್ತಾ? ಆ ಪ್ರಶ್ನೆ ಕೇಳೋಕೇ ನಾಚಿಕೆ ಆಗುತ್ತೆ. ಕೇಳಬೇಕಾದ್ದು ಒಂದೇ, ಕೈಗೋಡೆ ಎಲ್ಲಿ ಅಂತ.

ದೂರದ ದೇಶದವರನ್ನ ಬೈಯೋದು ಸುಲಭ. ನಮ್ಮ ಸಭೆಯಲ್ಲಿ ತೋಟ ಇರೋರು ಇದ್ದಾರೆ. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ಕಾಡು ಗುಡ್ಡದಲ್ಲಿ ಬೆವರು ಸುರಿಸಿ ತೋಟ ಮಾಡಿದ ಕುಟುಂಬಗಳಿವೆ, ಕೊಪ್ಪ, ಶೃಂಗೇರಿ ಕಡೆಯವರೂ ಇದ್ದೀರಿ. ನಿಮ್ಮ ಮರ ಯಾರು ಹತ್ತುತ್ತಾರೆ? ಕೊನೆಗಾರ ಸಿಗ್ತಿಲ್ಲ, ಸಿಕ್ಕಿದ್ರೂ ಕೂಲಿ ಜಾಸ್ತಿ ಅಂತೀವಲ್ಲ, ಅವನು ಮರ ಹತ್ತುವಾಗ ಸೊಂಟಕ್ಕೆ ಬೆಲ್ಟ್ ಇದೆಯಾ ಅಂತ ಕೆಳಗೆ ನಿಂತು ನೋಡಿದವರು ಎಷ್ಟು ಜನ? ಈಗ ಫೈಬರಿನ ದೋಟಿ ಬಂದಿದೆ, ನೆಲದಲ್ಲೇ ನಿಂತು ಕೊಯ್ಯಬಹುದು, ಔಷಧಿಯೂ ಹೊಡೆಯಬಹುದು. ಬಂಟ್ವಾಳ ತಾಲೂಕು ಸಜೀಪಮೂಡದ ಗಣಪತಿ ಭಟ್ಟರು ಮರ ಹತ್ತೋ ಬೈಕನ್ನೇ ಮಾಡಿದ್ದಾರೆ, ಅದರ ವಿಡಿಯೋ ನಿಮ್ಮೆಲ್ಲರ ಮೊಬೈಲಿಗೂ ಬಂದಿತ್ತು. ನೋಡಿ ಚಪ್ಪಾಳೆ ಹೊಡೆದ್ವಿ, ಫಾರ್ವರ್ಡ್ ಮಾಡಿದ್ವಿ. ದೋಟಿ ದುಬಾರಿ, ಕಲಿಯೋಕೆ ಸಮಯ ಬೇಕು, ಗೊತ್ತು. ಮಾಳಿಗೆಗೆ ಕೈಗೋಡೆ ಕಟ್ಟೋದಕ್ಕೂ ಆ ಕಾಲದಲ್ಲಿ ಖರ್ಚಾಗ್ತಿತ್ತು. ಒಂದು ದಿನದ ಆಟಕ್ಕೆ ಬಸ್ಸು, ಟಿಕೆಟ್ಟು, ಊಟ ಸೇರಿ ನಾವು ಕೂಡಿಸಿದ ದುಡ್ಡು ಎಷ್ಟು ಅಂತ ಲೆಕ್ಕ ಬರೆದವರ ಹತ್ತಿರ ಇದೆ. ಆ ಆಟದ ಕಡೆ ಪ್ರತಿ ಸ್ಲೈಡಿಗೂ ಒಬ್ಬ ಕಾವಲಿನವನಿದ್ದ. ನಮ್ಮ ತೋಟದಲ್ಲಿ?

ಜೂನ್ ಬಂತು. ಮೊದಲ ಮಳೆ ಬೀಳೋ ಮುಂಚೆ ಒಂದು ಸಲ ಔಷಧಿ ಆಗಬೇಕು, ಒಂದೂವರೆ ತಿಂಗಳು ಬಿಟ್ಟು ಮತ್ತೊಂದು ಸಲ, ಆಗ ತುಂಗೆ ತುಂಬಿ ಶೃಂಗೇರಿಯ ಗಾಂಧಿ ಮೈದಾನಕ್ಕೆ ನೀರು ಬರೋ ಕಾಲ, ಮರ ಎಲ್ಲ ಜಾರುತ್ತೆ. ಮೂರು ಸಭೆಯಲ್ಲೂ ಮರ ಹತ್ತೋ ಸಹೋದರರ ಹೆಸರು ಬರೆದುಕೊಳ್ಳೋಕೆ ಹಿರಿಯರಿಗೆ ಹೇಳಿದ್ದೀನಿ. ವಿಶ್ವಾಸಿಗಳು ಮಾತ್ರ ಅಲ್ಲ, ನಿಮ್ಮ ತೋಟಕ್ಕೆ ಬರೋ ಯಾರೇ ಆಗಲಿ. ಈ ತಿಂಗಳ ಯೌವನಸ್ಥರ ಕಾಣಿಕೆ ಬೆಲ್ಟು, ಹಗ್ಗಕ್ಕೆ ಹೋಗುತ್ತೆ ಅಂತ ಕೂಟದವರೇ ತೀರ್ಮಾನ ಮಾಡಿದ್ದಾರೆ. ಮೆಟ್ಟಿಲ ಮೇಲೆ ಆ ಮಾತು ಅಂದ ತಮ್ಮನೇ ಮೊದಲು ಎದ್ದು ನಿಂತು ಹೇಳಿದ್ದು, ಅದನ್ನೂ ಹೇಳ್ಬೇಕು. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಮೇಜು ಹಾಕಿರ್ತಾರೆ. ಹೆಸರು, ಊರು, ಯಾರ ತೋಟ ಅಂತ ಬರೆಸಿ ಹೋಗಿ. ಈಗ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.